ಸೋಮಿ ಹೊಲಿದ ಕೌದಿ

ಸಾರಿನ ಪಾತ್ರೆಗೆ ಹೋಗಬೇಕಾಗಿದ್ದ ಏಡಿಯೊಂದು ತೆಪ್ಪಗೆ ಸಾರಿಗೆ ಹೋಗಿದ್ದರೆ ದಾಸನಿಗೆ ಈ ಪಾಡು ಬರುತ್ತಿರಲಿಲ್ಲ. ಆದರೆ ಸಾಯುವ ಮೊದಲು ಯಾರದಾದರೂ ಕೈ ಹಿಡಿಯಬೇಕೆಂದು ಆ ಏಡಿಗೆ ಆಸೆಯಾಯಿತು. ಅದು ದಾಸನ ಹೆಂಡತಿ ಸೋಮಿಯ ಬಲಗೈ ಹೆಬ್ಬೆರಳನ್ನು ಹಿಡಿಯಿತು. ಬಿಡಿಸಿಕೊಳ್ಳುವಷ್ಟರಲ್ಲಿ ಸೋಮಿಯ ಕೂಗು ಶಿರಾಲಿಯ ಆ ಮೀನುಗಾರರ ಕೇರಿಯ ಕೊನೇ ಮನೆಯವರೆಗೆ ಹೋಗಿ ತಿರುಗಿ ಬಂದಿತ್ತು. ಬೆಳಗಾಗುವ ಹೊತ್ತಿಗೆ ಹೆಬ್ಬೆರಳು ಊದಿ, ಕೆಂಪಗೆ ಮಾಗಿದ ಗೇರುಹಣ್ಣಿನಂತೆ ಕೈಗೆ ಜೋತುಬಿದ್ದಿತ್ತು.

ಬೇರೆ ದಿನವಾಗಿದ್ದರೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ ಮರೆತುಬಿಡುವ ಸಂಗತಿ. ಆದರೆ ಅಂದು ಸಂಜೆ ಕುಮಟೆಯಲ್ಲಿ ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಮಗ ವಿಶಾಲನ ಮೊದಲ ಮಗು. ಸೊಸೆ ಸಂಗೀತಾ ಬಾಣಂತನಕ್ಕೆಂದು ಕುಮಟೆಯ ತವರಿನಲ್ಲಿದ್ದಳು. ವಿಶಾಲ ಹಿಂದಿನ ದಿನವೇ ಅಲ್ಲಿಗೆ ಹೋಗಿ ಚಪ್ಪರ ಕಟ್ಟಿಸುವುದರಲ್ಲಿ ಮುಳುಗಿದ್ದ. ತೊಟ್ಟಿಲಿಗೆ ಹಾಕುವ ಮೊದಲು ಮಗುವನ್ನು ಅಪ್ಪನ ಕಡೆಯ ಅಜ್ಜಿ ಹೊಲಿದ ಕೌದಿಯ ಮೇಲೆ ಮಲಗಿಸಬೇಕು, ಆ ಕೌದಿ ಮನೆಮಂದಿ ಉಟ್ಟು ತೊಟ್ಟು ಹಳತಾದ ಬಟ್ಟೆಯದೇ ಆಗಿರಬೇಕು ಎಂಬುದು ಸೋಮಿಯ ತವರಿನ ಕ್ರಮ.

"ಹೊಸ ಬಟ್ಟೇಲಿ ಅಂಗಡಿಯವನ ಬಿಟ್ರೆ ಮತ್ಯಾರು ಇರ್ತ್ರು?" ಎನ್ನುತ್ತಿದ್ದಳು ಅವಳು. "ಹಳೇ ಬಟ್ಟೇಲಿ ಮನೆಯವ್ರೆಲ್ಲ ಇರ್ತ್ರು."

ಸಂಗೀತಾಳ ತಾಯಿ ಭಾರತಿ ಕೆಟ್ಟ ಹೆಂಗಸಲ್ಲ. ಆದರೆ ಅವಳ ಮನೆಯಲ್ಲಿ ಪೊರಕೆ ಕೂಡ ಸ್ನಾನ ಮಾಡಿ ನಿಂತಂತೆ ಕಾಣುತ್ತಿತ್ತು. ಮೊಮ್ಮಗಳಿಗೆಂದು ಅವಳು ಪೇಟೆಯಿಂದ ಆನೆ, ಜಿರಾಫೆಗಳ ಚಿತ್ರವಿದ್ದ ಮೆತ್ತನೆಯ ಗಾದಿ ತಂದಿಟ್ಟಿದ್ದಳು. ಕೌದಿಯ ಸುದ್ದಿ ಕೇಳಿ ಫೋನಿನಲ್ಲಿ, "ಆಯ್ತು, ತನ್ನಿ. ಹಳೇ ಬಟ್ಟೆ ಅಂದ್ರಲ್ಲ, ಚೆನ್ನಾಗಿ ತೊಳೆದೇ ಹಾಕಿದ್ದೀರಲ್ವಾ?" ಎಂದು ಮೆಲ್ಲಗೆ ಕೇಳಿದ್ದಳು. ಆ ಮೆಲ್ಲಗಿನ ಮಾತು ಸೋಮಿಯನ್ನು ಏಡಿಗಿಂತ ಜೋರಾಗಿ ಕಚ್ಚಿತ್ತು. ಬಾಯಿ ಮುಚ್ಚಿಸುವಂಥ ಕೌದಿ ಮಾಡಿಯೇ ತೀರುತ್ತೇನೆಂದು ಹಟಕ್ಕೆ ಬಿದ್ದು ಹೊಲಿದಿದ್ದಳು. ಇನ್ನೇನು, ನಡುವಿನ ಕೆಲವು ಸಾಲು, ಸುತ್ತಲಿನ ಅಂಚು ಉಳಿದಿತ್ತು. ಅಷ್ಟರಲ್ಲಿ ಈ ಏಡಿ.

ಬೆಳಿಗ್ಗೆ ಅವಳು ಎಡಗೈಯಲ್ಲಿ ಸೂಜಿ ಹಿಡಿದು ನೋಡಿದಳು. ಸೂಜಿ ಹೋಗಬೇಕಾದಲ್ಲಿ ಹೋಗದೆ ಅವಳ ಮೊಣಕಾಲಿಗೇ ಹೋಯಿತು. ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಸದ್ದಿಲ್ಲದೆ ಅಳತೊಡಗಿದಳು. ಸೋಮಿ ಕೂಗುವುದು ದಾಸನಿಗೆ ರೂಢಿಯಿತ್ತು, ಸದ್ದಿಲ್ಲದೆ ಅಳುವುದು ಇರಲಿಲ್ಲ.

"ಇತ್ಲಾಗೆ ಕೊಡು," ಎಂದ.

"ನೀವಾ?"

"ಇಷ್ಟು ವರ್ಷ ಬಲೆ ಹೆಣೆದಂವ ನಾ. ಬಲೆ ಅಂದ್ರೆ ಬರೀ ತೂತು. ಇದ್ರಲ್ಲಿ ಬಟ್ಟೆಯಾದ್ರೂ ಉಂಟು. ಕಷ್ಟ ಎಂತದು?" ಎಂದವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಆದ್ರೆ ಒಂದು ಮಾತು. ನಾ ಹೊಲಿದೆ ಅಂತ ಹೊರಗೆ ಗೊತ್ತಾಗೂಕಾಗ. ಯಾರಿಗೂ."

ಅವನ ಹೆದರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಸುಕ್ರ ಎಂಬವನು ಹೆಂಡತಿಗೆಂದು ಅಬ್ಬಲಿಗೆ ಹೂ ಕಟ್ಟುತ್ತ ಕೂತಿದ್ದನ್ನು ದಾಸನ ಗೆಳೆಯ ನಾಗೇಶ ಕಿಟಕಿಯಲ್ಲಿ ಕಂಡಿದ್ದ. ಅಷ್ಟೇ. ಅಂದಿನಿಂದ ಸುಕ್ರ ಭಟ್ಕಳ ಬಂದರಿನ ತನಕ ಅಬ್ಬಲಿಗೆ ಸುಕ್ರನಾದ. ರೇಷನ್ ಅಂಗಡಿಯವನೂ ಹಾಗೇ ಕರೆದು ಅಕ್ಕಿ ಕೊಡುತ್ತಿದ್ದ. ಕೌದಿ ದಾಸ ಎಂಬ ಹೆಸರು ಹೊತ್ತು ಸಾಯಲು ದಾಸ ತಯಾರಿರಲಿಲ್ಲ.

"ನಾನೂ ಹೇಳೂದಿಲ್ಲ," ಎಂದಳು ಸೋಮಿ ಕಣ್ಣೊರೆಸಿಕೊಂಡು. "ಅಜ್ಜಿ ಹೊಲಿದದ್ದೇ ಆಗ್ಬೇಕು ಅಂತ ಕ್ರಮ. ಆ ಭಾರತಿಗೆ ಗೊತ್ತಾದ್ರೆ ನನ್ನ ಮುಖ ಎಲ್ಲಿಡೂದು? ದೇವ್ರಾಣೆ ಹೇಳೂದಿಲ್ಲ."

ಮುಂಬಾಗಿಲು, ಹಿಂಬಾಗಿಲು, ಕಿಟಕಿ ಎಲ್ಲ ಮುಚ್ಚಿದರು. ಸೋಮಿ ಮೊದಲೇ ನೂಲು ಪೋಣಿಸಿ ಸೀರೆಯೊಂದಕ್ಕೆ ಸಾಲಾಗಿ ಚುಚ್ಚಿಟ್ಟಿದ್ದ ಸೂಜಿಗಳಲ್ಲಿ ಒಂದನ್ನು ಕಿತ್ತು ದಾಸ ಕೆಲಸಕ್ಕೆ ಕೂತ.

ಮೊದಲು ಅವನ ಬೆರಳುಗಳು ಬಲೆಯ ಬುದ್ಧಿಯಲ್ಲೇ ಇದ್ದವು. ಅಲೆ ಎಳೆದರೂ ಬಿಚ್ಚದ ಗಂಟು ಹಾಕುವವು. "ಇಷ್ಟು ಬಿಗಿ ಎಂತಕ್ಕೆ? ಮಗು ಎಂತ ಬಂಗಡೆಯಾ ತಪ್ಪಿಸ್ಕೊಂಡು ಹೋಗೂಕೆ?" ಎಂದಳು ಸೋಮಿ. ಅವನು ಬೆರಳನ್ನು ಸಡಿಲಿಸಿದ. ಪಕ್ಕದ ಸಾಲಿನಲ್ಲಿ ಸೋಮಿಯ ಹೊಲಿಗೆಯಿತ್ತು: ಎಳ್ಳಿನ ಕಾಳಿನಷ್ಟಷ್ಟೇ, ಒಂದರ ಹಿಂದೊಂದು, ಇರುವೆಗಳು ಮಳೆಗೆ ಮೊದಲು ಗೋಡೆ ಹತ್ತಿದಂತೆ. ದಾಸ ದಂಗಾದ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬೀದಿಯಲ್ಲಿ ಮೀನು ಮಾರಿ, ಬೆಲೆಗೆ ಜಗಳವಾಡಿ ಬರುವ ಈ ಹೆಂಗಸಿನ ಕೈಯೊಳಗೆ ಇಂಥ ಒಂದು ಮೌನ ಎಲ್ಲಿ ಅಡಗಿತ್ತು?

ಹೊಲಿಯುತ್ತ ಹೋದಂತೆ ತುಂಡುಗಳು ಒಂದೊಂದಾಗಿ ಅವನ ಮೊಣಕಾಲಿನ ಮೇಲೆ ಬಂದವು. ಮಾಸಿದ ಕೆಂಪು ಚೌಕುಳಿ ಅವನ ತೀರಿಹೋದ ಅಬ್ಬೆಯ ಸೀರೆಯದು. ಅದನ್ನು ಉಟ್ಟೇ ಅವಳು ದಂಡೆಯಲ್ಲಿ ಮೀನು ಒಣಗಿಸುತ್ತ ನಿಲ್ಲುತ್ತಿದ್ದಳು, ದೋಣಿಯಿಂದ ಮೊದಲು ಕಾಣುತ್ತಿದ್ದದ್ದು ಆ ಕೆಂಪು. ನೀಲಿ ತುಂಡು ವಿಶಾಲನ ಶಾಲೆಯ ಚಡ್ಡಿಯದು. ಜಾರುಬಂಡೆಯಲ್ಲಿ ಸವೆದ ಜಾಗದ ನೂಲು ಇನ್ನೂ ತೆಳುವಾಗಿತ್ತು. ಹಸಿರು ಹೂವಿನದು ಸೋಮಿ ಮದುವೆಯಾಗಿ ಬಂದ ಹೊಸತರಲ್ಲಿ ಉಡುತ್ತಿದ್ದ ಸೀರೆ. ಅದರ ಅಂಚು ದಂಡೆಯಲ್ಲಿ ಕಂಡರೆ ಸಾಕು, ಆಗ ದೋಣಿ ನಡೆಸುವ ದಾಸನ ಕೈಯ ಹುಟ್ಟು ತಪ್ಪುತ್ತಿತ್ತು. ಇವೆಲ್ಲ ಎಂದೋ ಹರಿದು ಹೋದವು, ಮುಗಿದವು ಎಂದು ಅವನು ತಿಳಿದಿದ್ದ. ಇಲ್ಲಿ ನೋಡಿದರೆ ಯಾವುದೂ ಮುಗಿದಿರಲಿಲ್ಲ. ಸತ್ತವರು, ಬೆಳೆದವರು, ಮುದುಕರಾದವರು ಎಲ್ಲರೂ ಅಂಚಿಗೆ ಅಂಚು ತಾಗಿಸಿಕೊಂಡು, ಇನ್ನೂ ಹೆಸರಿಡದ ಒಂದು ಮಗುವಿಗಾಗಿ ಕಾಯುತ್ತಿದ್ದರು.

"ಸೋಮಿ," ಎಂದ ಅವನು.

"ಎಂತ? ನೂಲು ಗಂಟಾಯ್ತಾ?"

"ಇಲ್ಲ. ಎಂತ ಇಲ್ಲ."

ನಡುವಿನ ಸಾಲುಗಳು ಮುಗಿದವು. ಅಂಚಿನ ಮೂರು ಬದಿಯೂ ಮುಗಿಯಿತು. ಆಗ ಬಾಗಿಲು ದಬದಬ ಬಡಿಯಿತು.

"ಸೋಮಕ್ಕಾ! ಹಾಡುಹಗಲೇ ಬಾಗಿಲು ಹಾಕೊಂಡು ಎಂತ ಮಾಡ್ತ್ರಿ?"

ಪಕ್ಕದ ಮನೆಯ ಕಮಲಿ. ಕೇರಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಒರೆಸಲು ಮೊದಲು ಬರುವವಳು. ಸೋಮಿ ಉತ್ತರ ಹುಡುಕುವಷ್ಟರಲ್ಲಿ ಅವಳು ಹಿಂಬಾಗಿಲಿಗೆ ಬಂದು, ಅಗಳಿಯನ್ನು ಹೊರಗಿನಿಂದ ಹೇಗೆ ಎಬ್ಬಿಸಬೇಕೆಂಬುದು ತನಗೆ ಗೊತ್ತೆಂಬಂತೆ ಎಬ್ಬಿಸಿ ಒಳಗೆ ಬಂದೇಬಿಟ್ಟಳು. ದಾಸ ಕೌದಿಯನ್ನು ಮುದ್ದೆ ಮಾಡಿ ಅದರ ಮೇಲೆ ಕೂತ. ಸೂಜಿ ಕೌದಿಯಲ್ಲೇ ಇತ್ತು.

ಅವನು ಹಾಕಿದ ಕೂಗಿಗೆ ತೆಂಗಿನ ಮರದ ಕಾಗೆ ಹಾರಿತು.

"ಅಯ್ಯಯ್ಯೋ, ಎಂತ ಆತು ದಾಸಣ್ಣನಿಗೆ?"

"ಜ್ವರ," ಎಂದಳು ಸೋಮಿ ಬಾಯಿಗೆ ಬಂದದ್ದನ್ನು.

ದಾಸ ಹೆಂಡತಿಯ ಮಾತಿಗೆ ತಕ್ಕಂತೆ ಮಲಗಿ, ಕೌದಿಯನ್ನೇ ಕುತ್ತಿಗೆಯ ತನಕ ಹೊದ್ದುಕೊಂಡ. ಮುಚ್ಚಿದ ಕೋಣೆಯಲ್ಲಿ ಕೂತು ಮೈ ಬೆವೆತು ಕಾದಿತ್ತು. ಕಮಲಿ ಹಣೆ ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. "ರೊಟ್ಟಿ ಸುಡಬಹುದು!" ಎಂದು ಹೊರಗೆ ಓಡಿದಳು. ತಿರುಗಿ ಬರುವಾಗ ಒಂದು ಲೋಟ ಮೆಣಸಿನ ಕಷಾಯವೂ ಅವಳ ಹಿಂದೆ ನಾಗೇಶನೂ ಇದ್ದರು. ಕಷಾಯ ಗಂಟಲಿಗೆ ಇಳಿದದ್ದೇ ದಾಸನಿಗೆ ನಿಜವಾದ ಜ್ವರ ಬಂದಂತಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು.

"ನಿನ್ನೆ ಗುಂಡುಕಲ್ಲಿನಂಗೆ ಇದ್ಯಲ್ಲ ಮಾರಾಯ!" ಎಂದ ನಾಗೇಶ. ಅವನು ಗೇಲಿಗೆ ಎಷ್ಟು ಮುಂದೋ ಉಪಕಾರಕ್ಕೂ ಅಷ್ಟೇ ಮುಂದು. "ಇಂಥ ಜ್ವರದಲ್ಲಿ ಕುಮಟೆಗೆ ನೀವಿಬ್ರೇ ಹೋಗೂದಾ? ನಾ ಬತ್ತೆ ಸಂಗಡ."

"ಬೇಡ, ಬೇಡ," ಎಂದ ದಾಸ.

"ಜ್ವರ ಬಂದಂವ ಹಂಗೇ ಹೇಳೂದು," ಎಂದಳು ಕಮಲಿ. "ನಾನೂ ಬತ್ತೆ. ಸೋಮಕ್ಕನ ಕೈಯೂ ಸರಿ ಇಲ್ಲ."

ಈ ಉಪಚಾರದ ಗದ್ದಲದಲ್ಲಿ ಬಸ್ಸು ತಪ್ಪಿತು. ನಾಗೇಶ ಕೇರಿಯ ದುರ್ಗನ ಆಟೋ ಕರೆತಂದ. ಇಸ್ತ್ರಿ ಮಾಡಿಟ್ಟ ಒಂದೇ ಒಂದು ಬಿಳಿ ಪಂಚೆ ಉಡಿಸಿ, ಮೇಲೆ ಕೌದಿ ಹೊದಿಸಿ, ದಾಸನನ್ನು ಹಿಂದಿನ ಸೀಟಿನ ನಡುವೆ ಕೂರಿಸಿದರು. ಒಂದು ಪಕ್ಕ ಸೋಮಿ, ಇನ್ನೊಂದು ಪಕ್ಕ ಕಮಲಿ. ಮುಂದೆ ದುರ್ಗನ ಅರ್ಧ ಸೀಟಿನಲ್ಲಿ ನಾಗೇಶ.

ಆಟೋ ಹೆದ್ದಾರಿಗೆ ಏರಿದಾಗ ಸೋಮಿ ಗಂಡನ ಕಿವಿಯಲ್ಲಿ ಉಸುರಿದಳು. "ಒಂದು ಬದಿ ಅಂಚು ಬಾಕಿ ಉಂಟಲ್ಲ. ಎಂತ ಮಾಡೂದು?"

"ಸೂಜಿ ಕೊಡು," ಎಂದ ದಾಸ ತುಟಿ ಅಲುಗಿಸದೆ. ಸೋಮಿ ಸೆರಗಿಗೆ ಚುಚ್ಚಿಕೊಂಡು ಬಂದಿದ್ದ, ನೂಲು ಪೋಣಿಸಿದ ಸೂಜಿಯನ್ನು ಅವನ ಕೈಗಿಟ್ಟಳು.

ಕತ್ತಲ ಕಡಲಿನಲ್ಲಿ, ದೋಣಿ ತೊನೆಯುವಾಗ, ಬರೀ ಬೆರಳಿನಿಂದ ಹರಿದ ಬಲೆ ಹುಡುಕಿ ಕಟ್ಟಿದವನು ಅವನು. ಕೌದಿಯ ಕೆಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಅಂಚನ್ನು ಮಡಚಿ ಮಡಚಿ ಹೊಲಿಯತೊಡಗಿದ. ಹೊರಗಿನಿಂದ ನೋಡುವವರಿಗೆ ಹೊದಿಕೆ ಒಂದೇ ಸಮನೆ ನಡುಗುವುದು ಕಾಣುತ್ತಿತ್ತು.

"ಚಳಿಜ್ವರ," ಎಂದಳು ಕಮಲಿ. "ನೋಡು ಹೆಂಗೆ ನಡುಗ್ತಾ."

"ಗಟ್ಟಿ ಹಿಡ್ಕೊ ಕಮಲಕ್ಕ," ಎಂದ ನಾಗೇಶ. ಅವಳು ಹಿಡಿದಾಗೊಮ್ಮೆ ಸೂಜಿ ದಾಸನ ಬೆರಳಿಗೆ ಇಳಿಯುತ್ತಿತ್ತು. ಅವನು 'ಹಾ' ಎನ್ನುತ್ತಿದ್ದ. "ನರಳ್ತಾನೂ ಉಂಟು, ಪಾಪ," ಎನ್ನುತ್ತಿದ್ದಳು ಕಮಲಿ, ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತ.

ಹೊನ್ನಾವರ ಹತ್ತಿರವಾಗುವಷ್ಟರಲ್ಲಿ ಅಂಚು ಮುಗಿಯಿತು. ದಾಸ ಕೊನೆಗೆ ಬಲೆಗೆ ಹಾಕುವ ಗಟ್ಟಿ ಗಂಟು ಹಾಕಿ, ಸೋಮಿಯ ಕೈ ಒತ್ತಿ, ಆಯಿತೆಂದು ತಿಳಿಸಿದ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಗ ಆಟೋ ಶರಾವತಿಯ ಸೇತುವೆಯ ಮೇಲೆ ಬಂತು.

ಕಡಲ ಕಡೆಯಿಂದ ಒಂದು ಗಾಳಿ ಎದ್ದಿತು. ಆಟೋದ ಒಂದು ಬದಿಯಿಂದ ಹೊಕ್ಕು ಕೌದಿಯನ್ನು ಎತ್ತಿ ಇನ್ನೊಂದು ಬದಿಯಿಂದ ಹೊರಗೆ ಎಸೆಯಿತು. ಸೋಮಿ ಕಿರುಚಿದಳು. ದಾಸನ ಎರಡೂ ಕೈ ಕಮಲಿಯ ಹಿಡಿತದಲ್ಲಿದ್ದವು. ಕೌದಿ ಪಟಪಟನೆ ಬಡಿಯುತ್ತ, ಹಾಯಿ ಬಿಚ್ಚಿದಂತೆ ನದಿಯ ಮೇಲೆ ಚಾಚಿ ನಿಂತಿತು. ಅಬ್ಬೆಯ ಕೆಂಪು, ಮಗನ ನೀಲಿ, ಸೋಮಿಯ ಹಸಿರು ಎಲ್ಲ ಬಿಸಿಲಿಗೆ ಹೊತ್ತಿಕೊಂಡವು. ಕೆಳಗೆ ಕಣ್ಣು ಮುಟ್ಟದಷ್ಟು ನೀರು. ಹೋಯಿತು ಎಂದುಕೊಂಡ ದಾಸ. ಆದರೆ ಅದು ಹೋಗಲಿಲ್ಲ. ಹಾರಿತು, ಎಳೆಯಿತು, ಜಗ್ಗಿತು, ಆದರೂ ಯಾರೋ ಒಂದು ತುದಿ ಹಿಡಿದಿದ್ದಂತೆ ನಿಂತಿತು. ಗಾಳಿ ಇಳಿದದ್ದೇ ಅದು ತಾನಾಗಿ ಬಂದು ದಾಸನ ಮಡಿಲಲ್ಲಿ ಕೂತಿತು.

ದುರ್ಗ ವೇಗ ಇಳಿಸಿ ಹಣೆಗೆ ಕೈ ಮುಟ್ಟಿಸಿಕೊಂಡ.

"ಅಬ್ಬೆ ಹಿಡ್ಕೊಂಡ್ಳು," ಎಂದ ದಾಸ ಮೆಲ್ಲಗೆ. ಅವನ ಮೈಮೇಲೆ ರೋಮ ಎದ್ದಿತ್ತು. ಯಾರೂ ನಗಲಿಲ್ಲ, ನಾಗೇಶನೂ ನಗಲಿಲ್ಲ.

ಕುಮಟೆಯಲ್ಲಿ ಬೀಗರ ಮನೆಯ ಮುಂದೆ ಚಪ್ಪರ, ತೋರಣ, ಹೊಸ ಸೀರೆಗಳ ಸರಸರ. ಭಾರತಿ ಬಾಗಿಲಲ್ಲೇ ಕಾದಿದ್ದಳು. ಕೈಯಲ್ಲಿ ಹಿತ್ತಾಳೆಯ ಹರಿವಾಣ. ಅವಳ ಗಂಡ ರಮಾನಂದ, ಎತ್ತರದ, ಮಾತು ಕಡಿಮೆಯ ಮನುಷ್ಯ, ಪಕ್ಕದಲ್ಲಿ ನಿಂತು ಮೀಸೆಯಲ್ಲೇ ಸ್ವಾಗತ ಹೇಳಿದ. ದಾಸ ಆಟೋದಿಂದ ಇಳಿದು ಕೌದಿಯನ್ನು ಮಡಚಿ ಎರಡೂ ಕೈಯಲ್ಲಿ ಮುಂದೆ ಚಾಚಿದ. ಭಾರತಿ ಅದನ್ನು ಹರಿವಾಣಕ್ಕೆ ತೆಗೆದುಕೊಂಡು ಒಳಗೆ ತಿರುಗಿದಳು.

ದಾಸನೂ ಅವಳ ಹಿಂದೆ ಎರಡು ಹೆಜ್ಜೆ ಓಡಿದ.

ಭಾರತಿ ನಿಂತಳು. ದಾಸನೂ ನಿಂತ. ಅವಳು ಮತ್ತೆ ನಡೆದಳು. ದಾಸ ಸೊಂಟ ಮುಂದೆ ಮಾಡಿಕೊಂಡು, ಹಗ್ಗ ಕಟ್ಟಿದ ಕರುವಿನಂತೆ ಹಿಂಬಾಲಿಸಿದ. ಅವಳು ಸಿಟ್ಟಿನಿಂದ ತಿರುಗಿ, "ಎಂತ ಇದು ಬೀಗರೇ, ಕೊಟ್ಟದ್ದನ್ನ ಬಿಡೋದಿಲ್ವಾ?" ಎಂದಳು.

"ನಾ ಬಿಟ್ಟೆ," ಎಂದ ದಾಸ ಎರಡೂ ಕೈ ಮೇಲೆತ್ತಿ ತೋರಿಸುತ್ತ. "ಅದೇ ಬಿಡೂದಿಲ್ಲ."

ಎಲ್ಲರೂ ಬಗ್ಗಿ ನೋಡಿದರು. ಕೌದಿಯ ಒಂದು ಬದಿ, ಎಳ್ಳಿನ ಕಾಳಿನಂಥ ಹೊಲಿಗೆಯಲ್ಲಿ, ಉದ್ದಕ್ಕೂ ಅವನ ಪಂಚೆಗೆ ಹೊಲಿದು ಹೋಗಿತ್ತು. ಸೇತುವೆಯ ಮೇಲೆ ಕೌದಿಯನ್ನು ಹಿಡಿದಿದ್ದವರು ಯಾರೆಂದು ದಾಸನಿಗೆ ಆಗ ತಿಳಿಯಿತು. ನೆಲ ಬಾಯಿ ಬಿಡಬಾರದೇ ಎನಿಸಿತು. ಮುಗಿಯಿತು, ಇನ್ನು ತಾನು ಕೌದಿ ದಾಸ.

ಆದರೆ ಕಮಲಿ ಇದ್ದಳಲ್ಲ.

"ನಂಗೆ ಗೊತ್ತಾತು!" ಎಂದು ಅವಳು ಎದೆಗೆ ಕೈಯಿಟ್ಟುಕೊಂಡಳು. "ದಾಸಣ್ಣ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ. ಸೋಮಕ್ಕ ಆಟೋದಲ್ಲೇ, ಗಂಡನ ತೊಡೆ ಮೇಲೆ ಹಾಕೊಂಡೇ ಹೊಲಿದಿದ್ಲು. ಅದ್ಕೇ ಇಷ್ಟೊತ್ತೂ ಹೊದಿಕೆ ಅಲುಗ್ತಾ ಇತ್ತು! ಆ ಹೆಬ್ಬೆಟ್ಟು ನೋಡಿ ಮಾರಾಯ್ರೆ, ಏಡಿ ಕಚ್ಚಿದ್ದು. ಅದ್ರಲ್ಲೇ ಹೊಲಿದಿದ್ಲು!"

ಹೆಂಗಸರೆಲ್ಲ ಸೋಮಿಯ ಹೆಬ್ಬೆರಳು ನೋಡಿದರು. ಗೇರುಹಣ್ಣು ತನ್ನ ಕೆಲಸ ಮಾಡಿತು. ಒಬ್ಬಳು ಲೊಚಗುಟ್ಟಿದಳು, ಇನ್ನೊಬ್ಬಳು ಸೆರಗಿನಲ್ಲಿ ಮೂಗೊರೆಸಿದಳು. ಭಾರತಿ ಹರಿವಾಣವನ್ನು ಕೆಳಗಿಟ್ಟು ಸೋಮಿಯ ಊದಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಕತ್ತರಿ ತನ್ನಿ," ಎಂದಳು ಗಂಡನಿಗೆ. "ಮಗುವಿನ ಕೌದಿಯ ಒಂದು ನೂಲೂ ಕತ್ತರಿಸೋದು ಬೇಡ. ಪಂಚೆ ಕತ್ತರಿಸಿ."

ರಮಾನಂದ ದಾಸನನ್ನು ಬಚ್ಚಲಮನೆಯ ಹಿಂದೆ ಕರೆದೊಯ್ದು, ತೋಟದ ಬೇಲಿ ಸವರುವ ಶ್ರದ್ಧೆಯಿಂದ ಹೊಲಿಗೆಯ ಸುತ್ತ ಪಂಚೆ ಕತ್ತರಿಸಿದ. ಬದಲಿಗೆ ತನ್ನದೊಂದು ಪ್ಯಾಂಟು ಕೊಟ್ಟ. ಅದರೊಳಗೆ ದಾಸನಂಥವರು ಇಬ್ಬರು ಹಿಡಿಯುತ್ತಿದ್ದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಅವನು ಜಗುಲಿಗೆ ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

ಕೌದಿಯನ್ನು ನೆಲದ ಮೇಲೆ ಹಾಸಿದ್ದರು.

ಬೆಳಗಿನಿಂದ ಅವನು ಅದನ್ನು ಗೇಣುಗೇಣಾಗಿ, ಮೊಣಕಾಲಿನಷ್ಟಗಲ ಮಾತ್ರ ನೋಡಿದ್ದ. ಇಡಿಯಾಗಿ ನೋಡಿದ್ದು ಈಗ. ಇಳಿಬಿಸಿಲು ಬಾಗಿಲಿನಿಂದ ಬಂದು ಅದರ ಮೇಲೆ ಬಿದ್ದಿತ್ತು. ಎಲ್ಲೆಲ್ಲಿಯದೋ ತುಂಡುಗಳು ಸೇರಿ, ಬೆಳಿಗ್ಗೆ ದೋಣಿಗಳೆಲ್ಲ ಹೊರಟಾಗಿನ ಕಡಲಿನ ಹಾಗೆ, ಒಂದಕ್ಕೊಂದು ಹೊಂದದೆಯೂ ಹೊಂದಿ ಮಿನುಗುತ್ತಿದ್ದವು. ಆನೆ, ಜಿರಾಫೆಗಳ ಗಾದಿಯನ್ನು ಯಾರೋ ಸದ್ದಿಲ್ಲದೆ ಮಂಚದ ಕೆಳಗೆ ತಳ್ಳಿದರು.

ಮಗು ಮಧ್ಯಾಹ್ನದಿಂದ ಒಂದೇ ಸಮನೆ ಅಳುತ್ತಿತ್ತಂತೆ. ಸಂಗೀತಾ ಅದನ್ನು ತಂದು ಕೌದಿಯ ನಡುವೆ ಮಲಗಿಸಿದಳು. ಅಳು ಅರ್ಧಕ್ಕೆ ನಿಂತಿತು. ಮಗು ಕಾಲು ಜಾಡಿಸಿತು, ಕೈ ಹೊರಳಿಸಿತು, ಸೀಗಡಿಯ ಮರಿಯಂಥ ಬೆರಳುಗಳಿಂದ ಅಬ್ಬೆಯ ಕೆಂಪು ತುಂಡನ್ನು ಮುಟ್ಟಿತು. ಆಮೇಲೆ ಯಾರದೋ ಕತೆ ಕೇಳುತ್ತಿರುವಂತೆ ಕಣ್ಣು ದೊಡ್ಡದು ಮಾಡಿ ಮೇಲೆ ನೋಡಿತು. ದಾಸ ಪ್ಯಾಂಟು ಹಿಡಿದ ಕೈಯನ್ನೂ ಮರೆತ. ಸಕಾಲದಲ್ಲಿ ನಾಗೇಶ ಅದನ್ನು ಹಿಡಿದುಕೊಂಡ. ದಾಸ ಕಡಲಲ್ಲಿ ಸುಂಟರಗಾಳಿ ಕಂಡಿದ್ದ, ದೋಣಿಯಷ್ಟು ಉದ್ದದ ಮೀನು ಪಕ್ಕದಲ್ಲೇ ಉಸಿರು ಬಿಟ್ಟದ್ದು ಕಂಡಿದ್ದ. ಮೈ ಇಷ್ಟು ಹಗುರಾದದ್ದು ಯಾವತ್ತೂ ಇಲ್ಲ. ಅಬ್ಬೆ ನೋಡದ ಮರಿಮಗಳು ಅಬ್ಬೆಯ ಮಡಿಲಲ್ಲಿ ಮಲಗಿದ್ದಳು. ಆ ಮಡಿಲಿಗೆ ಅಂಚು ಕಟ್ಟಿದವನು ತಾನು.

ಮೊಮ್ಮಗಳು ಮೊದಲ ಆಶೀರ್ವಾದವಾಗಿ ಕೌದಿಯನ್ನು ಒದ್ದೆ ಮಾಡಿದಳು. ಎಲ್ಲರೂ ನಕ್ಕರು. ಹೆಂಗಸರು ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಹಾಡು ಹೇಳಿದರು. ಆಮೇಲೆ ಪಾಯಸದ ಜೊತೆ ಹೊಗಳಿಕೆ ಶುರುವಾಯಿತು.

"ಹೊಲಿಗೆ ಅಂದ್ರೆ ಇದು," ಎಂದಳು ಭಾರತಿ ಅಂಚನ್ನು ಬೆರಳಲ್ಲಿ ಸವರುತ್ತ. "ನಡುವಿನ ಹೊಲಿಗೆಗಿಂತ ಈ ಅಂಚಿನದು ನೋಡಿ, ಎಷ್ಟು ಗಟ್ಟಿ. ಈ ಗಂಟು ಎಂತ ಗಂಟೋ, ನಾನಂತೂ ಕಂಡದ್ದಿಲ್ಲ. ಸೋಮಕ್ಕ, ನಿಮ್ಮ ಕೈಗೆ ಬಂಗಾರ ಹಾಕ್ಬೇಕು."

ಸೋಮಿ ತಲೆ ತಗ್ಗಿಸಿ ನಾಚಿದಳು. ಅವಳಿಗೊಂದು ಜರಿಯಂಚಿನ ಸೀರೆ ಬಂತು. ಕಮಲಿ ಕತೆಯನ್ನು ಮತ್ತೊಮ್ಮೆ ಹೇಳಿದಳು. ಈ ಸಲ ಏಡಿ ಇನ್ನೂ ದೊಡ್ಡದಾಗಿತ್ತು. ದಾಸ ಮೂಲೆಯಲ್ಲಿ ಪ್ಯಾಂಟು ಹಿಡಿದು ನಿಂತಿದ್ದ. ಗುಟ್ಟು ಭದ್ರವಾಗಿತ್ತು. ನೆಮ್ಮದಿಯಾಗಬೇಕಿತ್ತು. ಆದರೆ ಎದೆಯೊಳಗೆ ಏನೋ ತುರಿಸತೊಡಗಿತು. ಅಂಚು ನನ್ನದು. ಗಂಟು ನನ್ನದು. ಆ ಗಂಟಿಗೆ ಬಂದ ಸೀರೆ...

"ಗಂಡಸ್ರಿಗೆ ಇಂಥ ತಾಳ್ಮೆ ಎಲ್ಲಿ ಬರ್ಬೇಕು!" ಎಂದಳೊಬ್ಬ ಮುದುಕಿ. ಅಲ್ಲಿಗೆ ಕಟ್ಟೆ ಒಡೆಯಿತು.

"ಅಂಚು ಹೊಲಿದದ್ದು ನಾ!" ಎಂದ ದಾಸ.

ಜಗುಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಚಪ್ಪರವೇ ಕುಸಿಯುವಂಥ ನಗು.

"ನಿಜ! ನಾನೇ! ಬಾಗಿಲು ಹಾಕೊಂಡು ಹೊಲಿದೆ. ಆಟೋದಲ್ಲಿ ನಡುಗಿದ್ದು ಜ್ವರಕ್ಕಲ್ಲ, ಹೊಲಿದದ್ದು!"

"ನಗಿಸೂದ್ರಲ್ಲಿ ನಿಮ್ಮಪ್ಪನ್ನ ಮೀರಿಸುವವರಿಲ್ಲ," ಎಂದು ಮುದುಕಿ ವಿಶಾಲನ ಬೆನ್ನು ತಟ್ಟಿದಳು. ವಿಶಾಲ ನಾಚಿಕೆಯಿಂದ, "ಅಪ್ಪ, ಸುಮ್ನಿರಿ," ಎಂದ. ಮೀಸೆ ಅಲುಗಿಸದ ರಮಾನಂದನೂ ಹೊಟ್ಟೆ ಹಿಡಿದುಕೊಂಡ.

"ಬೆರಳು ನೋಡಿ!" ದಾಸ ಚುಚ್ಚಿದ ಗಾಯಗಳನ್ನು ಎತ್ತಿ ತೋರಿಸಿದ. ಬಲೆ, ಹಗ್ಗ, ಮೀನಿನ ಮುಳ್ಳು ಒಟ್ಟಾಗಿ ಹಿಂದೆಯೇ ಜಾಲಿಕಾಯಿಯಂತೆ ಮಾಡಿಟ್ಟಿದ್ದ ಆ ಬೆರಳುಗಳಲ್ಲಿ ಹೊಸ ಗಾಯ ಯಾವುದೆಂದು ಯಾರಿಗೂ ಕಾಣಲಿಲ್ಲ.

"ಹಂಗಾದ್ರೆ ಸೂಜಿ ಕೊಡಿ, ನಾ ತೋರಿಸ್ತೆ!"

ಸೂಜಿ ಬಂತು. ನೂಲು ಬಂತು. ಊರೆಲ್ಲ ಸುತ್ತ ನಿಂತಿತು. ದಾಸ ನೂಲನ್ನು ಬಾಯಲ್ಲಿ ಒದ್ದೆ ಮಾಡಿ, ಕಣ್ಣು ಕಿರಿದು ಮಾಡಿ ಸೂಜಿಯ ಕಣ್ಣು ಹುಡುಕಿದ. ಸಿಗಲಿಲ್ಲ. ಅವನು ಹೊಲಿದಿದ್ದೆಲ್ಲ ಸೋಮಿ ಪೋಣಿಸಿಟ್ಟ ಸೂಜಿಗಳಲ್ಲಿ. ನೂಲು ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ, ಒಮ್ಮೆ ಅವನ ಮೂಗಿಗೇ ಹೋಯಿತು. ಎರಡೂ ಕೈ ಅದರಲ್ಲೇ ಇದ್ದದ್ದರಿಂದ ಪ್ಯಾಂಟು ತನ್ನ ದಾರಿ ಹಿಡಿಯಿತು.

ನಗು ನಿಂತಾಗ ದಾಸ ಪ್ಯಾಂಟು ಎಳೆದುಕೊಂಡು, ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. "ಸೋಮಿ, ನೀನಾದ್ರೂ ಹೇಳು."

ಸೋಮಿ ಗಂಡನನ್ನು ನೋಡಿದಳು. ಭಾರತಿಯನ್ನು ನೋಡಿದಳು. ಮಡಿಲಿನ ಜರಿಯಂಚನ್ನು ಒಮ್ಮೆ ಸವರಿದಳು. ಬೆಳಿಗ್ಗೆ ಅವಳು ಇಟ್ಟ ಆಣೆ ಅವಳ ಮುಖದಲ್ಲಿ ಸ್ವಲ್ಪ ಹೊತ್ತು ಒದ್ದಾಡಿತು.

"ಅವ್ರಿಗೆ ಜ್ವರ ಇನ್ನೂ ಬಿಟ್ಟಿಲ್ಲ ಕಾಣ್ತದೆ," ಎಂದಳು.

ಅಯ್ಯೋ ಪಾಪ ಎಂದಿತು ಜಗುಲಿ. ದಾಸನನ್ನು ನಾಲ್ಕು ಜನ ಹಿಡಿದು ಮಂಚದ ಮೇಲೆ ಮಲಗಿಸಿದರು. ಭಾರತಿಯ ಮನೆಯ ಕಷಾಯದಲ್ಲಿ ಕಮಲಿಯ ಕಷಾಯಕ್ಕಿಂತ ಮೆಣಸು ಹೆಚ್ಚಿತ್ತು.

ದೀಪ ಹಚ್ಚುವ ಹೊತ್ತಿಗೆ ಆಟೋ ಕುಮಟೆ ಬಿಟ್ಟಿತು. ನಾಗೇಶ ಮುಂದಿನಿಂದ ಹಿಂದಕ್ಕೆ ತಿರುಗಿ, ಗೇಲಿ ಮಾಡದೆ, ನಿಜವಾದ ಬೇಸರದಲ್ಲಿ ಹೇಳಿದ. "ಬೇಜಾರು ಮಾಡ್ಬೇಡ ದಾಸ. ಜ್ವರ ಇರ್ಲಿ, ಎಂತದೇ ಇರ್ಲಿ. ಹೆಂಡ್ತಿ ಕೈ ನೋವಲ್ಲಿ ಮಾಡಿದ್ದನ್ನ ನಂದು ಅಂತ ಹೇಳೂದು ಗಂಡಸಾದಂವ ಮಾಡೂ ಕೆಲ್ಸ ಅಲ್ಲ. ನಾಳೆ ಬಂದರಿನಲ್ಲಿ ಎಲ್ರೂ ಕೇಳ್ತ್ರು. ನಾ ಎಂತ ಹೇಳ್ಲಿ?"

ಕಮಲಿ, "ಸೋಮಕ್ಕನಂಥ ಹೆಂಡ್ತಿ ಸಿಗೂಕೆ ಪುಣ್ಯ ಬೇಕು," ಎಂದಳು. ದುರ್ಗ ಹೌದೆಂಬಂತೆ ಹಾರ್ನ್ ಒತ್ತಿದ.

ದಾಸನ ಕಣ್ಣೆದುರು ಇನ್ನೂ ಆ ಪುಟ್ಟ ಬೆರಳುಗಳು ಕೆಂಪು ತುಂಡನ್ನು ಮುಟ್ಟುತ್ತಿದ್ದವು. ಇರಲಿ, ಎಂದುಕೊಂಡ. ಆ ಅಂಚು ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಸಾಕು. ಹಾಗಂದುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಸೋಮಿ ಪಕ್ಕಕ್ಕೆ ಸರಿದು, ಇತರರಿಗೆ ಕೇಳದಂತೆ ಕಿವಿಯ ಹತ್ತಿರ ಬಂದಳು.

"ಭಾರತಕ್ಕನ ದೊಡ್ಡ ಮಗಳಿಗೂ ಈಗ ದಿನ ತುಂಬ್ತಾ ಬಂತಂತೆ. ಅವಳ ನಾದಿನಿಗೂ ಹಂಗೇ ಅಂತೆ. ಇಂಥದ್ದೇ ಅಂಚಿಂದು, ಇಂಥದ್ದೇ ಗಂಟಿಂದು, ಒಂದೊಂದು ಕೌದಿ ಬೇಕೇ ಬೇಕು ಅಂತ ಕೂತ್ರು. ಅಷ್ಟು ಪ್ರೀತಿಯಿಂದ ಕೇಳುವಾಗ ಇಲ್ಲ ಹೇಳೂಕಾಗ್ತದಾ? ಆತು ಅಂದೆ."

"ಯಾರು ಹೊಲಿಯೂದು?"

"ನಾನೇ ಮತ್ತೆ," ಎಂದಳು ಸೋಮಿ, ಅವನ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ನೀವುತ್ತ.